ಒಂದೇ ಬ್ಯಾಟರಿಗೆ ಎರಡು ಕಡೆಯಿಂದ ಕರೆ: ನನ್ನ ಅನುಭವ

ನಾನು ವಿತರಣಾ ಜಾಲದ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಮನೆಗಳ ಬ್ಯಾಟರಿ, ಕಾರಿನ ಚಾರ್ಜರ್, ನೀರಿನ ಹೀಟರ್, ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್, ಇವನ್ನೆಲ್ಲ ಗ್ರಿಡ್‌ಗೆ ಬೇಕಾದಾಗ ಏರಿಸಿ ಇಳಿಸಿ ಬಳಸಿಕೊಳ್ಳುವ ವ್ಯವಸ್ಥೆ ಕಟ್ಟುವಾಗ ಪ್ರಸರಣದವರ (ದೊಡ್ಡ ಲೈನುಗಳಲ್ಲಿ ಕರೆಂಟ್ ಸಾಗಿಸಿ ಇಡೀ ಗ್ರಿಡ್ ನೋಡಿಕೊಳ್ಳುವವರ) ಜೊತೆ ಕೂತು ಒಪ್ಪಂದಕ್ಕೆ ಬರುವ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರೇ ತಲೆನೋವು ಅಂತ ಎಲ್ಲರೂ ಅಂದುಕೊಂಡಿದ್ದರು. ಅದು ಬೇಗ ಮುಗಿಯಿತು. ತಡ ಆಗಿದ್ದು ಬೇರೆ ಕಡೆ.

ತಕರಾರಿನ ಮೂಲ ಇಷ್ಟೇ: ಅವರ ಕಣ್ಣು ಫ್ರೀಕ್ವೆನ್ಸಿ ಮೇಲೆ, ನಮ್ಮ ಕಣ್ಣು ವೋಲ್ಟೇಜ್ ಮೇಲೆ. ಉತ್ಪಾದನೆಗೂ ಬಳಕೆಗೂ ತಾಳೆ ತಪ್ಪಿದರೆ ಅಲುಗಾಡುವ ಫ್ರೀಕ್ವೆನ್ಸಿ ಇಡೀ ಗ್ರಿಡ್‌ಗೆ ಒಂದೇ. ಅದು 50 ಹರ್ಟ್ಜ್‌ಗಿಂತ ಕೆಳಗೆ ಜಾರುತ್ತಿದ್ದರೆ ಬ್ಯಾಟರಿ ಯಾವ ಮೂಲೆಯಲ್ಲಿದ್ದರೂ ಅವರಿಗೆ ಉಪಯೋಗಕ್ಕೆ ಬರುತ್ತದೆ. ವೋಲ್ಟೇಜ್ ಹಾಗಲ್ಲ, ಬೀದಿ ಬೀದಿಗೂ ಬೇರೆ. ಬಿಸಿಲು ಜೋರಾದ ಮಧ್ಯಾಹ್ನ ಚಾವಣಿ ಸೋಲಾರ್ ಕರೆಂಟ್ ಉಲ್ಟಾ ಹರಿದು, ಫೀಡರ್ (ಸಬ್‌ಸ್ಟೇಷನ್‌ನಿಂದ ಬೀದಿಗಳಿಗೆ ಬರುವ ಲೈನ್) ಕೊನೆಯ ಮನೆಗಳಲ್ಲಿ ವೋಲ್ಟೇಜ್ ಆಗಲೇ ಮಿತಿ ಮುಟ್ಟಿರುತ್ತದೆ. ಅದೇ ಹೊತ್ತಿಗೆ ಎಲ್ಲೋ ದೊಡ್ಡ ಸ್ಥಾವರ ಟ್ರಿಪ್ ಆಗಿ, ಬ್ಯಾಟರಿಗಳನ್ನೆಲ್ಲ ಡಿಸ್‌ಚಾರ್ಜ್ ಮಾಡಿ ಅಂತ ಮೇಲಿಂದ ಕರೆ ಬಂದರೆ? ವೋಲ್ಟೇಜ್ ಇನ್ನೂ ಏರುತ್ತದೆ, ಅದನ್ನು ನೋಡಿ ಸೋಲಾರ್ ಮತ್ತು ಬ್ಯಾಟರಿಗಳ ಇನ್ವರ್ಟರ್‌ಗಳು ತಾವೇ ಆಫ್ ಆಗುತ್ತವೆ. ಕೇಳಿದ್ದು ಸಿಗೋದಿರಲಿ, ಬರುತ್ತಿದ್ದ ಸೋಲಾರೂ ಹೋಗುತ್ತದೆ.

ರಾತ್ರಿ ಇನ್ನೊಂದು ಕಥೆ. ಗಾಳಿ ವಿದ್ಯುತ್ ಜಾಸ್ತಿಯಾಗಿದೆ, ಲೋಡ್ ಏರಿಸಿ ಅನ್ನುತ್ತಾರೆ. 250 ಕೆವಿಎ, ಅಂದರೆ ಹೆಚ್ಚೆಂದರೆ 250 ಕಿಲೋವ್ಯಾಟ್ ಹೊರುವ ಟ್ರಾನ್ಸ್‌ಫಾರ್ಮರ್ ಕೆಳಗೆ 7 ಕಿಲೋವ್ಯಾಟಿನ 40 ಚಾರ್ಜರ್ ಒಟ್ಟಿಗೆ ಶುರುವಾದರೆ ಅದೇ 280 ಕಿಲೋವ್ಯಾಟ್. ಫ್ರಿಜ್ಜು, ಫ್ಯಾನು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಪ್ರತಿ ಆದೇಶವೂ ನಮ್ಮ ಒಪ್ಪಿಗೆ ಪಡೆದು ಹೋಗಲಿ ಅಂತ ನಮ್ಮವರ ವಾದ. ಫ್ರೀಕ್ವೆನ್ಸಿ ಸೆಕೆಂಡುಗಳಲ್ಲಿ ಬೀಳುತ್ತದೆ, ನಿಮ್ಮ ಒಪ್ಪಿಗೆಗೆ ಯಾರು ಕಾಯ್ತಾರೆ ಅಂತ ಅವರ ವಾದ. ಅವರು ಹೇಳಿದ್ದು ಸರಿ. ಹಾಗಾಗಿ ಒಪ್ಪಿಗೆ ಬಿಟ್ಟು ಮಿತಿ ಹಿಡಿದೆವು. ಪ್ರತಿ ಫೀಡರ್‌ಗೂ ಪ್ರತಿ 15 ನಿಮಿಷಕ್ಕೆ, ಎಷ್ಟು ಏರಿಸಬಹುದು, ಎಷ್ಟು ಇಳಿಸಬಹುದು ಅಂತ ಮುಂಚಿತವಾಗಿ ಎರಡು ಅಂಕಿ ಕೊಡುತ್ತೇವೆ. ಅದರೊಳಗೆ ಅವರು ಏನು ಬೇಕಾದರೂ ಮಾಡಿಕೊಳ್ಳಲಿ, ನಾವು ಕೇಳುವುದಿಲ್ಲ. ಹೊತ್ತಿಗೆ ತಕ್ಕಂತೆ ಬದಲಾಗುವ ಇಂಥ ಮಿತಿ ದಕ್ಷಿಣ ಆಸ್ಟ್ರೇಲಿಯಾದ ಚಾವಣಿ ಸೋಲಾರ್‌ಗೆ ಈಗಾಗಲೇ ಬಳಕೆಯಲ್ಲಿದೆ.

ಇನ್ನು ಅಸಲಿ ತೊಂದರೆಗೆ ಬರುತ್ತೇನೆ. ಯಾವ ಬ್ಯಾಟರಿ ಇವತ್ತು ಯಾವ ಸಬ್‌ಸ್ಟೇಷನ್ ಕೆಳಗಿದೆ?

ಕೇಳಲು ಪೆದ್ದು ಪ್ರಶ್ನೆ ಅನ್ನಿಸುತ್ತೆ, ಅಲ್ವಾ? ಆದರೆ ಲೈನ್ ಕೆಲಸಕ್ಕೆ ಲೈನ್ ಕ್ಲಿಯರ್ (ಕರೆಂಟ್ ತೆಗೆದು ಕೆಲಸ ಮಾಡಲು ಕೊಡುವ ಅನುಮತಿ) ಕೊಟ್ಟಾಗ ಫೀಡರಿನ ಅರ್ಧ ಭಾಗವನ್ನು ಪಕ್ಕದ ಸಬ್‌ಸ್ಟೇಷನ್‌ಗೆ ಬದಲಿಸುತ್ತೇವೆ. ದಾಖಲೆಯಲ್ಲಿ ಬ್ಯಾಟರಿ ಹಳೆಯ ಜಾಗದಲ್ಲೇ ಇರುತ್ತದೆ. ಪ್ರಸರಣದವರು ಒಂದು ಲೈನಿನ ಓವರ್‌ಲೋಡ್ ಇಳಿಸಲು 3 ಮೆಗಾವ್ಯಾಟ್ ಕೊಂಡರು ಅಂದುಕೊಳ್ಳಿ. ಬ್ಯಾಟರಿಗಳು ಚಾಚೂತಪ್ಪದೆ 3 ಮೆಗಾವ್ಯಾಟ್ ಕೊಡುತ್ತವೆ, ಇಳಿಯುವುದು ಮಾತ್ರ ಪಕ್ಕದ ಲೈನು. 2020ರಲ್ಲಿ ಅಮೆರಿಕದ ಫೆಡರಲ್ ಇಂಧನ ನಿಯಂತ್ರಣ ಆಯೋಗದ 2222ನೇ ಆದೇಶ ಚಿಕ್ಕ ಸಾಧನಗಳ ಗುಂಪಿಗೆ ಸಗಟು ಮಾರುಕಟ್ಟೆ ತೆರೆದಾಗ, ನೋಂದಣಿಗೆ ಮುಂಚೆ ಪರಿಶೀಲಿಸಲು ವಿತರಣೆಯವರಿಗೆ 60 ದಿನದವರೆಗೆ ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ನೋಂದಣಿ ದಿನದ ಚಿತ್ರ ಮುಂದಿನ ವಾರದ ಸ್ವಿಚ್ ಬದಲಾವಣೆಗೆ ನಿಲ್ಲುವುದಿಲ್ಲ.

ದೂರದಿಂದ ಹಾಕುವ ಸ್ವಿಚ್‌ಗಳ ಸ್ಥಿತಿ ಸ್ಕಾಡಾದಿಂದ (ದೂರದ ಉಪಕರಣಗಳನ್ನು ಕಂಟ್ರೋಲ್ ರೂಮಿನಿಂದಲೇ ನೋಡಿ ನಡೆಸುವ ವ್ಯವಸ್ಥೆ) ತಾನಾಗಿ ದಾಖಲೆಗೆ ಹೋಗುವಂತೆ ಮಾಡಿದೆವು. ಕೈಯಲ್ಲಿ ಹಾಕುವ ಸ್ವಿಚ್‌ಗಳದ್ದೇ ಗೋಳು. ‘ಸ್ವಿಚ್ ಹಾಕೋದಾ, ಎಂಟ್ರಿ ಮಾಡೋದಾ ಸಾರ್?’ ಅಂತ ರಾತ್ರಿ ಪಾಳಿಯ ಆಪರೇಟರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಹೊಸ ಫಾರ್ಮ್ ತರಲಿಲ್ಲ. ಅವರು ಹೇಗೂ ತುಂಬುವ ಲೈನ್ ಕ್ಲಿಯರ್ ಪುಟದಲ್ಲೇ ಸ್ವಿಚ್ ನಂಬರಿಗೆ ಒಂದು ಖಾನೆ ಸೇರಿಸಿದೆವು. ಅದು ಖಾಲಿಯಿದ್ದರೆ ಪುಟ ಮುಂದೆ ಹೋಗದು. ಇಡೀ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟಿದ್ದು ಈ ಚಿಕ್ಕ ಖಾನೆ.

ಇಬ್ಬರಿಗೂ ಒಂದೇ ಬ್ಯಾಟರಿ ಬೇಕಾದರೆ ಯಾರಿಗೆ ಮೊದಲು? ಮಾಮೂಲಿ ದಿನಗಳಲ್ಲಿ ನಮಗೆ. ಸ್ವಾರ್ಥ ಅಂದುಕೊಳ್ಳಬೇಡಿ. ಒಂದು ಟ್ರಾನ್ಸ್‌ಫಾರ್ಮರ್ ಲೋಡ್ ಹೆಚ್ಚಾಗಿ ಬಿಸಿಯಾದರೆ ಅದರ ಕೆಳಗಿನ ಬೆರಳೆಣಿಕೆಯ ಸಾಧನ ಬಿಟ್ಟು ನಮಗೆ ಬೇರೆ ದಾರಿಯಿಲ್ಲ. ಅವರಿಗೆ ಇಡೀ ಗ್ರಿಡ್ಡೇ ಇದೆ. ಗ್ರಿಡ್ ಉಳಿಸಿಕೊಳ್ಳುವ ಪರಿಸ್ಥಿತಿ ಬಂದರೆ ಕ್ರಮ ತಿರುಗುತ್ತದೆ. ಯಾಕೆಂದರೆ ಆಗ ಬ್ಯಾಟರಿ ಕೊಡದಿದ್ದರೆ ಉಳಿಯುವ ದಾರಿ ಫೀಡರ್ ಕಟ್ ಮಾಡುವುದೊಂದೇ. ದುಡ್ಡಿನ ವಿಚಾರ ಬೇಗ ಬಗೆಹರಿಯಿತು: ಕರೆದವರು ಕೊಡಬೇಕು, ಒಂದೇ ಕಿಲೋವ್ಯಾಟಿಗೆ ಎರಡು ಸಲ ಕೊಡುವಂತಿಲ್ಲ.

ಹೀಟರ್, ಕೋಲ್ಡ್ ಸ್ಟೋರೇಜ್ ಬಳಸುವವರು ಒಂದು ವಿಷಯ ಗಮನಿಸಿ. ಒಂದು ಗಂಟೆ ತಡೆಹಿಡಿದ ಲೋಡ್ ಮಾಯ ಆಗುವುದಿಲ್ಲ, ಸರದಿ ಬಿಟ್ಟ ಜನರಂತೆ ಒಟ್ಟಿಗೆ ನುಗ್ಗುತ್ತದೆ. ಬಿಟ್ಟ ಕೂಡಲೇ ಬರುವ ಪೀಕ್ ತಡೆದ ಪೀಕ್‌ಗಿಂತ ದೊಡ್ಡದಾಗಬಹುದು. ನಾವು ಗುಂಪು ಗುಂಪಾಗಿ, ನಡುವೆ ಕೆಲವು ನಿಮಿಷ ಬಿಟ್ಟು ವಾಪಸ್ ಕೊಡುತ್ತೇವೆ. ಈ ವಾಪಸಾತಿಯನ್ನೂ ಕೊಡುವ ಮಿತಿಯೊಳಗೇ ಲೆಕ್ಕ ಹಾಕಬೇಕು.

ಈಗ ಉಳಿದಿರುವ ಹಗ್ಗಜಗ್ಗಾಟ ಮಿತಿಯ ಅಂಕಿಯದ್ದು. ಮನೆ ಮೀಟರಿನ ರೀಡಿಂಗ್ ನಮಗೆ ಬರುವುದು ಮರುದಿನ. ಆದ್ದರಿಂದ ಅಂದಾಜಿನ ಮೇಲೆ ಸ್ವಲ್ಪ ಕೈ ಹಿಡಿದೇ ಮಿತಿ ಕೊಡುತ್ತೇವೆ. ಇನ್ನಷ್ಟು ಬಿಡಿ ಅಂತ ಪ್ರಸರಣದ ಗೆಳೆಯರು ಫೋನ್ ಮಾಡುತ್ತಲೇ ಇರುತ್ತಾರೆ. ತುಂಬಿದ ಟ್ರಾನ್ಸ್‌ಫಾರ್ಮರ್‌ಗಳಿಗೆ ಆಗಿಂದಾಗ್ಗೆ ರೀಡಿಂಗ್ ಕಳಿಸುವ ಮೀಟರ್ ಹಾಕಿಸೋಣ, ಖರ್ಚು ಅರ್ಧರ್ಧ, ಅಷ್ಟೂ ಬಿಡ್ತೀನಿ ಅಂತ ನಾನು ಹೇಳುತ್ತೇನೆ. ಅದರ ಅಂದಾಜು ಪಟ್ಟಿ ಈಗ ಅವರ ಮೇಜಿನ ಮೇಲಿದೆ.