ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲೇ ದೇವರ ಕರೆ: ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರಿಗಾದರೂ ‘ದೇವರ ಕರೆ ಬಂದಿದೆ’ ಎಂದರೆ ಎಲ್ಲರೂ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ. ಅವರು ಕೆಲಸ ಬಿಡುತ್ತಾರೆ, ಬೈಬಲ್ ಶಾಲೆಗೆ ಸೇರುತ್ತಾರೆ, ಪೂರ್ಣಾವಧಿ ಸೇವೆಗೆ ಇಳಿಯುತ್ತಾರೆ. ಹಾಗಾದರೆ ಉಳಿದ ನಮಗೆಲ್ಲ ಏನು? ದುಡಿಯುವುದು, ಕಾಣಿಕೆ ಹಾಕುವುದು, ಇಷ್ಟೇನಾ?

ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕ ನಡೆಸುತ್ತೇನೆ. ಪಾರ್ಟಿಯವರು, ಅಂದರೆ ಆರ್ಡರ್ ಕೊಡುವ ವ್ಯಾಪಾರಿಗಳು, ಕಟಿಂಗ್ ಮಾಡಿದ ಬಟ್ಟೆಯನ್ನು ಬಂಡಲ್ ಕಟ್ಟಿ ಕೊಡುತ್ತಾರೆ. ನಾವು ಹೊಲಿದು ವಾಷಿಂಗ್‌ಗೆ ಕಳಿಸುತ್ತೇವೆ. ಜಾಬ್ ವರ್ಕ್, ಪೀಸ್ ಲೆಕ್ಕ. ಇದೇ ನನಗೆ ದೇವರು ಕೊಟ್ಟ ಕರೆ ಎಂದು ನಂಬಿ ಬಹಳ ವರ್ಷ ಆಯಿತು. ಅದು ಹೇಗೆ ತಿಳಿಯಿತು, ದಿನಾ ಹೇಗೆ ನಡೆಸುತ್ತೇನೆ ಎನ್ನುವುದನ್ನು ಬರೆಯುತ್ತಿದ್ದೇನೆ. ಅಂಗಡಿ, ಆಫೀಸು, ಹೊಲ, ಅಡುಗೆಮನೆಯಲ್ಲಿ ಇರುವ ಯಾರಿಗಾದರೂ ಉಪಯೋಗ ಆಗಬಹುದು.

ಮೊದಲು ನಮ್ಮ ಸಭೆಯ ಪಾಸ್ಟರ್ ಅಯ್ಯನವರನ್ನು ಕೇಳಿದ್ದೆ. ‘ಹೊಲಿಗೆ ಬಿಟ್ಟು ಸೇವೆಗೆ ಬರಲಾ ಅಯ್ಯನವರೇ?’ ಅವರು ಹೌದು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ‘ಸೋಮವಾರದಿಂದ ಶನಿವಾರದ ತನಕ ನಿನ್ನ ಕೆಲಸದಿಂದ ಯಾರ‍್ಯಾರ ಬದುಕಿಗೆ ಒಳ್ಳೆಯದೋ ಕೆಟ್ಟದ್ದೋ ಆಗುತ್ತದಮ್ಮಾ? ಅವರ ಹೆಸರು ಬರೆದುಕೊಂಡು ಬಾ’ ಎಂದರು.

ಬರೆಯಲು ಕುಳಿತೆ. ಮಷೀನ್ ಮೇಲಿನ ಟೈಲರ್‌ಗಳು. ಬಂಡಲ್ ಎತ್ತಿ ಕೊಡುವ ಹುಡುಗರು. ಹೊಲಿದ ಪ್ಯಾಂಟನ್ನು ಮನೆಗೆ ಒಯ್ದು ದಾರ ಕತ್ತರಿಸುವ ಹೆಂಗಸರು. ಮಾಲು ಸಾಗಿಸುವ ಆಟೋದವರು. ಕೊನೆಗೆ, ಎಲ್ಲೋ ದೂರದ ಊರಿನ ಸಂತೆಯಲ್ಲಿ ಆ ಪ್ಯಾಂಟ್ ಕೊಳ್ಳುವ, ನಾನು ಎಂದೂ ನೋಡದ ಮನುಷ್ಯ. ಸಭೆಯಲ್ಲಿ ನನಗೆ ಗೊತ್ತಿರುವವರಿಗಿಂತ ಈ ಪಟ್ಟಿ ಉದ್ದ ಇತ್ತು. ನೆರೆಯವನನ್ನು ಪ್ರೀತಿಸು ಎಂದು ಯೇಸು ಹೇಳಿದ ಆ ನೆರೆಯವರು ಇವರೇ ಅಲ್ವಾ? ಕರೆ ಹುಡುಕುವವರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಮೊದಲು ಹೆಸರುಗಳನ್ನು ಬರೆಯಿರಿ.

ಆಮೇಲೆ ಬೈಬಲನ್ನು ನನ್ನ ಕಸುಬು ಕಣ್ಣಮುಂದೆ ಇಟ್ಟುಕೊಂಡು ಓದಿದೆ. ಯೇಸುವಿನ ಸುವಾರ್ತೆ ಸಾರಿದ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರದ ಕೆಲಸ ಮಾಡಿದ. ಯೊಪ್ಪದ ದೊರ್ಕ ಸತ್ತಾಗ ವಿಧವೆಯರು ಅತ್ತು ತೋರಿಸಿದ್ದು ಆಕೆ ಮಾಡಿಕೊಟ್ಟ ಬಟ್ಟೆಗಳನ್ನು. ವಿಮೋಚನಕಾಂಡದಲ್ಲಿ ದೇವರ ಆತ್ಮ ತುಂಬಿದ್ದು ಬೆಚಲೇಲನೆಂಬ ಕುಶಲಕರ್ಮಿಯಲ್ಲಿ. ನೇಯುವವರ, ಕಸೂತಿ ಹಾಕುವವರ ಜಾಣ್ಮೆಯೂ ದೇವರು ಕೊಟ್ಟದ್ದೇ ಎಂದು ಅಲ್ಲಿದೆ. ಯೇಸುವನ್ನು ನಜರೇತಿನ ಜನ ಬಡಗಿ ಎಂದೇ ಗುರುತಿಸುತ್ತಿದ್ದರು. 1520ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕೂಡ ಇದನ್ನೇ ಬರೆದರು: ಚಪ್ಪಲಿ ಹೊಲಿಯುವವ, ಕಮ್ಮಾರ, ರೈತ, ಎಲ್ಲರಿಗೂ ಅವರವರ ಕೆಲಸವಿದೆ, ಆದರೂ ಎಲ್ಲರೂ ಯಾಜಕರೇ.

ನಮ್ಮ ಊರಿನದೇ ಒಂದು ಸಂಗತಿ ಇದೆ. 1810ರಲ್ಲಿ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಇಲ್ಲೇ ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಂದರು. ಅವರ ಹೆಸರು ಚರಿತ್ರೆಯಲ್ಲಿದೆ, ಇರಬೇಕಾದ್ದೇ. ಆದರೆ ಅವರಿಗೆ ಕನ್ನಡ ಹೇಳಿಕೊಟ್ಟವರು ಯಾರು? ಅಚ್ಚಿನ ಮೊಳೆ ಜೋಡಿಸಿದವರು, ಹಾಳೆ ಹೊಲಿದು ಪುಸ್ತಕ ಕಟ್ಟಿದವರು ಯಾರು? ಅವರ ಕೈಗಳಿಲ್ಲದೆ ಆ ಪುಸ್ತಕ ನಮ್ಮ ತಾತ-ಮುತ್ತಾತರಿಗೆ ಸಿಗುತ್ತಿರಲಿಲ್ಲ. ನನಗೆ ಅವರೂ ಕರೆ ಪಡೆದವರೇ.

ಇನ್ನು ನಡೆಸುವುದು. ಇಲ್ಲಿ ಪ್ರಾರ್ಥನೆಗಿಂತ ಮೊದಲು ಕೂಲಿಯ ಮಾತು ಬರಬೇಕು. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅದರ ಮೇಲೇ ಆಸೆ ಇಟ್ಟುಕೊಂಡಿದ್ದಾನೆ ಎಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ಕೂಗುತ್ತದೆ ಎನ್ನುತ್ತಾನೆ ಹೊಸ ಒಡಂಬಡಿಕೆಯ ತನ್ನ ಪತ್ರದಲ್ಲಿ ಯಾಕೋಬ. ನಮ್ಮಲ್ಲಿ ಶನಿವಾರ ಬಟವಾಡೆ. ಆದರೆ ಪಾರ್ಟಿಯಿಂದ ಬಿಲ್ ಬರುವುದು ಎಷ್ಟೋ ವಾರ ತಡವಾಗಿ. ‘ನನಗೇ ಬಂದಿಲ್ಲ, ನಿಮಗೆ ಎಲ್ಲಿಂದ ಕೊಡಲಿ’ ಎನ್ನುವುದು ಈ ಲೈನಿನಲ್ಲಿ ಮಾಮೂಲು ಮಾತು. ಅದನ್ನು ಹೇಳಬಾರದು ಎಂದು ತೀರ್ಮಾನಿಸಿದೆ. ಪ್ರತಿ ಬಿಲ್ಲಿನಿಂದ ಒಂದು ಪಾಲು ತೆಗೆದು ಬೇರೆ ಖಾತೆಗೆ ಹಾಕುತ್ತಾ ಬಂದೆ. ಆ ದುಡ್ಡು ಬಟವಾಡೆಗೆ ಮಾತ್ರ. ಹೊಸ ಮಷೀನಿಗೂ ಇಲ್ಲ, ಮನೆಯ ಮದುವೆಗೂ ಇಲ್ಲ. ಒಂದಿಷ್ಟು ವಾರದ ಕೂಲಿ ಜಮಾ ಆದ ಮೇಲೆ ಶನಿವಾರಗಳ ಭಯ ಹೋಯಿತು. ಘಟಕ ದೊಡ್ಡದಾಗುವುದು ನಿಧಾನವಾಯಿತು, ನಿಜ. ಆಗಲಿ.

ಎರಡನೆಯದು ಮಾಲಿನ ನಿಜ. ಒಬ್ಬ ಪಾರ್ಟಿ ದೊಡ್ಡ ಲಾಟ್ ತಂದರು, ರೇಟೂ ಜಾಸ್ತಿ. ಜೊತೆಗೆ ಹೆಸರುವಾಸಿ ಬ್ರಾಂಡಿನ ಲೇಬಲ್ಲು. ಅದನ್ನೇ ಹಚ್ಚಬೇಕಂತೆ. ನಾನು ಆಗಲ್ಲ ಎಂದೆ. ‘ಲೇಬಲ್ ನಾವು ಕೊಡ್ತೀವಿ, ನಿಮಗೇನ್ರೀ ಆಗ್ಬೇಕು?’ ಎಂದರು. ಚೀಲದಲ್ಲಿ ಎರಡು ತರದ ತೂಕದ ಕಲ್ಲು ಇಟ್ಟುಕೊಳ್ಳಬೇಡ ಎಂಬ ಬೈಬಲಿನ ಮಾತು ನನಗೆ ಲೇಬಲ್ಲಿಗೂ ಸೇರುತ್ತದೆ. ಅವರು ಹೋದರು, ಮತ್ತೆ ಬರಲಿಲ್ಲ. ಆ ಸೀಸನ್ ಕಷ್ಟವೇ ಆಯಿತು. ನಿಷ್ಠೆಯಿಂದಿದ್ದರೆ ದೇವರು ಎರಡರಷ್ಟು ಲಾಭ ಕೊಡುತ್ತಾನೆ ಎಂದು ಬೋಧಿಸುವವರನ್ನು ನಾನು ಒಪ್ಪುವುದಿಲ್ಲ. ನಷ್ಟ ನಷ್ಟವೇ. ಗೊತ್ತಿದ್ದೇ ಅದನ್ನು ಹೊರಬೇಕು.

ಬೇಸಿಗೆಯಲ್ಲಿ ಬಳ್ಳಾರಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಶೀಟಿನ ಕೆಳಗೆ ಕುಳಿತು ದಪ್ಪ ಬಟ್ಟೆ ಹೊಲಿಯುವವರ ಪಾಡು ಹೇಳಲಾಗದು. ಹಾಗಾಗಿ ಆ ತಿಂಗಳುಗಳಲ್ಲಿ ನಸುಕಿಗೇ ಶುರು ಮಾಡಿ ಮಧ್ಯಾಹ್ನ ನಿಲ್ಲಿಸುತ್ತೇವೆ. ಭಾನುವಾರ ಎಂಥ ಅರ್ಜೆಂಟ್ ಇದ್ದರೂ ಬಾಗಿಲು ತೆಗೆಯುವುದಿಲ್ಲ. ಈ ವಿಶ್ರಾಂತಿ ಕ್ರೈಸ್ತರಿಗಷ್ಟೇ ಅಲ್ಲ, ನನ್ನಲ್ಲಿ ದುಡಿಯುವ ಎಲ್ಲರಿಗೂ. ಬೈಬಲಿನ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆಯಲ್ಲಿ ಆಳುಗಳೂ, ಊರಲ್ಲಿರುವ ಪರದೇಶಿಯೂ ಸೇರಿದ್ದಾರೆ.

ಪ್ರಾರ್ಥನೆ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಒಂದೊಂದು ಮಷೀನಿನ ಹತ್ತಿರ ನಿಂತು ಅದರಲ್ಲಿ ಕೂರುವವರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ನಮ್ಮಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ. ಕೂಲಿ ಕೊಡುವ ಕೈಯಿಂದ ಧರ್ಮದ ಮಾತು ಬಂದರೆ ಅದು ಅವರಿಗೆ ಒತ್ತಾಯವೇ ಆಗುತ್ತದೆ. ಅದಕ್ಕೇ ಕೆಲಸದ ಹೊತ್ತಲ್ಲಿ ಬೋಧನೆ ಮಾಡುವುದಿಲ್ಲ. ಯಾರಾದರೂ ಕೇಳಿದರೆ ನನ್ನ ನಂಬಿಕೆಯನ್ನು ಮುಚ್ಚಿಡುವುದೂ ಇಲ್ಲ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಸಂಜೆ ಬೇಗ ಬಿಡುತ್ತೇನೆ.

ದಾರ ಕತ್ತರಿಸುವ ಹೆಂಗಸರ ವಿಷಯ ಇನ್ನೂ ಬಗೆಹರಿದಿಲ್ಲ. ಇಂಡಿಗೋ ಬಣ್ಣ ಅವರ ಬೆರಳಿಗೆ ಅಂಟಿರುತ್ತದೆ, ಆದರೆ ಎಲ್ಲರಿಗಿಂತ ಕಡಿಮೆ ರೇಟು ಅವರಿಗೇ. ಅವರಲ್ಲಿ ಕೆಲವರನ್ನು ಕರೆದುಕೊಂಡು ಹೋಗಿ ಅಸಂಘಟಿತ ಕಾರ್ಮಿಕರಿಗೆ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿದೆ. ನನ್ನ ಕೈಲಾದಷ್ಟು ರೇಟು ಏರಿಸಿದೆ. ಅದು ಸಾಲದು. ನಾನೊಬ್ಬಳೇ ಏರಿಸಿದರೆ ಪಾರ್ಟಿ ಪಕ್ಕದ ಘಟಕಕ್ಕೆ ಹೋಗುತ್ತದೆ. ಆದ್ದರಿಂದ ಸುತ್ತಲಿನ ಜಾಬ್ ವರ್ಕ್‌ನವರನ್ನು ಒಬ್ಬೊಬ್ಬರಾಗಿ ಕಂಡು, ಎಲ್ಲರೂ ಒಂದೇ ಕನಿಷ್ಠ ರೇಟು ಹಿಡಿಯೋಣ ಎಂದು ಕೇಳುತ್ತಿದ್ದೇನೆ. ಇಬ್ಬರು ಒಪ್ಪಿದ್ದಾರೆ. ದಸರಾ ಸೀಸನ್ನಿನ ಬಂಡಲ್‌ಗಳು ಬರುವ ಮೊದಲು ಇನ್ನಷ್ಟು ಜನರನ್ನು ಕಾಣಬೇಕಿದೆ.