ಹೆಪಟೈಟಿಸ್ ಸಿ ಮಾತ್ರೆ: ಮೊದಲು ವಿಮೆಯಲ್ಲ, ಸರ್ಕಾರಿ ಆಸ್ಪತ್ರೆ

ಹೆಪಟೈಟಿಸ್ ಸಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಇದ್ದರೆ ರಾಯಚೂರಿನ ರಿಮ್ಸ್, ಬಳ್ಳಾರಿ ಅಥವಾ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. 2018ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಪಾಸಣೆಯೂ ಮಾತ್ರೆಯೂ ಉಚಿತ. ಅಲ್ಲಿ ಸಿಗುವುದನ್ನು ದುಡ್ಡು ಕೊಟ್ಟು ಕೊಳ್ಳಬೇಡಿ.

ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪಾಸಿಟಿವ್ ವರದಿ ಮಾತ್ರ ಸಾಲದು. ಹಿಂದೆ ಸೋಂಕು ಬಂದು ತಾನಾಗಿ ವಾಸಿಯಾದವರಿಗೂ ಅದು ಪಾಸಿಟಿವ್ ಬರುತ್ತದೆ. ಆರ್‌ಎನ್‌ಎ ವೈರಲ್ ಲೋಡ್ (ರಕ್ತದಲ್ಲಿ ಈಗ ವೈರಸ್ ಎಷ್ಟಿದೆ ಎಂಬ) ಪರೀಕ್ಷೆಯೇ ನಿರ್ಣಾಯಕ. ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವುದು) ಇಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್‌ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು 12 ವಾರ. ಸಿರೋಸಿಸ್ ಇದ್ದರೆ ಔಷಧಿ, ಅವಧಿ ಎರಡೂ ಬದಲಾಗಬಹುದು. ಮಾತ್ರೆ ಮುಗಿಯುವ ಮುನ್ನವೇ ಮುಂದಿನದನ್ನು ತನ್ನಿ, ಸುಗ್ಗಿ ಕೆಲಸವೆಂದು ನಡುವೆ ಬಿಡಲೇಬೇಡಿ.

ಖಾಸಗಿ ವಿಮೆ ಸಾಮಾನ್ಯವಾಗಿ ತಿರಸ್ಕರಿಸುವುದು ಇಲ್ಲೇ: ಮನೆಯಲ್ಲಿ ನುಂಗುವ ಮಾತ್ರೆ ಹೊರರೋಗಿ ವೆಚ್ಚ, ಹೆಚ್ಚಿನ ಪಾಲಿಸಿಗಳು ಒಳರೋಗಿಗೆ ಮಾತ್ರ. ಪಾಲಿಸಿಯಲ್ಲಿ ಹೊರರೋಗಿ ಸೌಲಭ್ಯವಿದೆಯೇ ನೋಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳವರೆಗೆ ಇರಬಹುದು. ಆದರೂ ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ, ಆಮೇಲೆ ಇಡೀ ಪಾಲಿಸಿಯೇ ರದ್ದಾಗಬಹುದು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡಿರುವ ಕಾರ್ಖಾನೆ ನೌಕರರು ಡಿಸ್ಪೆನ್ಸರಿಯಲ್ಲಿ ಕೇಳಲಿ, ಅಲ್ಲಿ ಹೊರರೋಗಿ ಔಷಧಿಯೂ ಸೇರಿದೆ.

ಕ್ಲೇಮ್ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲೇ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗ. 30 ದಿನದಲ್ಲಿ ಉತ್ತರ ಬರದಿದ್ದರೆ ವಿಮೆ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ವೈರಸ್ ಹೋಗಿದೆಯೇ ಎಂದು ತಿಳಿಯಲು, ಮಾತ್ರೆ ಮುಗಿದು 12 ವಾರಕ್ಕೆ ಮತ್ತೆ ಆರ್‌ಎನ್‌ಎ ಪರೀಕ್ಷೆ ಮಾಡಿಸಿ, ವರದಿ ಜೋಪಾನವಾಗಿಡಿ.