ಡೀಫಾಲ್ಟ್ ಪೋರ್ಟ್ ಬದಲಾಯಿಸಲು ಹೊರಟಾಗ: ನನ್ನ ಅನುಭವ

ಸರ್ವರ್‌ನಲ್ಲಿ ಒಂದು ಸರ್ವಿಸನ್ನು ತಲುಪಲು ಬಳಸುವ ಬಾಗಿಲಿನ ನಂಬರೇ ಪೋರ್ಟ್; ಸಾಫ್ಟ್‌ವೇರ್ ಜೊತೆ ಮೊದಲೇ ಬರುವ ನಂಬರ್ ಡೀಫಾಲ್ಟ್. ಅದನ್ನು ಬದಲಾಯಿಸುವುದು ಒಂದು ಸಾಲಿನ ಕೆಲಸ. ಕಾನ್ಫಿಗ್ ಫೈಲ್ ತೆರೆದು, ಹಳೇ ನಂಬರ್ ಅಳಿಸಿ, ಹೊಸದು ಬರೆದು, ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಮುಗೀತು. ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ಹಳೇ ನಂಬರನ್ನು ಎಲ್ಲೆಲ್ಲಿ ಯಾರ್ಯಾರು ಬರೆದಿಟ್ಟುಕೊಂಡಿದ್ದಾರೆ ಅಂತ ಹುಡುಕಬೇಕು. ಲಗ್ನಪತ್ರಿಕೆ ಹಂಚಿ ಆದ ಮೇಲೆ ಛತ್ರ ಬದಲಾಯಿಸಿದ ಹಾಗೆ. ಬೇರೆ ಛತ್ರ ಸಿಗುವುದು ಕಷ್ಟವಲ್ಲ, ಯಾರಿಗೆಲ್ಲ ತಿಳಿಸಬೇಕು ಅನ್ನುವುದೇ ಕಷ್ಟ.

ನಾನು ಒಂದು ಸಣ್ಣ ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಕೆಲವು ಉಬುಂಟು, ಕೆಲವು ರಾಕಿ ಲಿನಕ್ಸ್. ಅವುಗಳ ಮೇಲೆ ಡೇಟಾಬೇಸ್‌ಗಳಾದ ಪೋಸ್ಟ್‌ಗ್ರೆಸ್, ರೆಡಿಸ್, ಬಿಲ್ಡ್ ಮಾಡುವ ಜೆಂಕಿನ್ಸ್, ಡ್ಯಾಶ್‌ಬೋರ್ಡ್ ತೋರಿಸುವ ಗ್ರಫಾನಾ, ಮಾನಿಟರಿಂಗ್‌ಗೆ ಪ್ರೊಮಿಥಿಯಸ್. ಪೋರ್ಟ್ ಬದಲಾಯಿಸಲು ನನಗಿದ್ದ ಕಾರಣ ಎರಡೇ. ಮೊದಲನೆಯದು ಜಾಗದ ಜಗಳ. ಬ್ರೌಸರ್‌ನಿಂದ ಸರ್ವರ್ ನೋಡಿಕೊಳ್ಳಲು ಬಳಸುವ ಕಾಕ್‌ಪಿಟ್ ಡೀಫಾಲ್ಟ್ ಆಗಿ 9090ರಲ್ಲಿ ಕೂರುತ್ತದೆ, ಪ್ರೊಮಿಥಿಯಸ್‌ಗೂ ಅದೇ 9090 ಬೇಕು. ಒಂದೇ ಮೆಷಿನ್‌ನಲ್ಲಿ ಎರಡೂ ಇದ್ದರೆ ಒಬ್ಬರು ಎದ್ದು ಹೋಗಲೇಬೇಕು. ಎರಡನೆಯದು ಎಸ್‌ಎಸ್‌ಎಚ್ ಲಾಗ್, ಅಂದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಸರ್ವಿಸ್‌ನ ದಾಖಲೆ. ಇಂಟರ್‌ನೆಟ್‌ಗೆ ತೆರೆದ ಸರ್ವರ್‌ನಲ್ಲಿ ಅದರ ಡೀಫಾಲ್ಟ್ ಪೋರ್ಟ್ 22 ಇಟ್ಟರೆ ಹಗಲು ರಾತ್ರಿ ಬಾಟ್‌ಗಳು ಬಾಗಿಲು ಬಡಿಯುತ್ತಿರುತ್ತವೆ. ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್ ಅಂತ ಸಿಕ್ಕಿದ ಹೆಸರಲ್ಲೆಲ್ಲ ಲಾಗಿನ್ ಪ್ರಯತ್ನ. ಆ ಗದ್ದಲದಲ್ಲಿ ನಮಗೆ ಬೇಕಾದ ಸಾಲು ಕಣ್ಣಿಗೇ ಬೀಳುವುದಿಲ್ಲ.

ಭದ್ರತೆಗಾಗಿ ಪೋರ್ಟ್ ಬದಲಾಯಿಸಿ ಅಂತ ಹೇಳುವವರು ಜಾಸ್ತಿ. ನಾನು ಒಪ್ಪಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಝೆಡ್‌ಮ್ಯಾಪ್ ಅನ್ನುವ ಟೂಲ್ ಬಿಟ್ಟರು. ಒಂದು ಗಿಗಾಬಿಟ್ ಲೈನ್ ಇದ್ದರೆ ಇಡೀ ಐಪಿವಿ4 ಇಂಟರ್‌ನೆಟ್‌ನಲ್ಲಿ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ತೋರಿಸಿದರು. ನಿಮ್ಮೊಬ್ಬರ ಸರ್ವರ್ ಮೇಲೆಯೇ ಕಣ್ಣಿಟ್ಟವನಿಗೆ ಎಲ್ಲ 65,535 ಪೋರ್ಟ್ ನೋಡುವುದು ದೊಡ್ಡ ಮಾತಲ್ಲ. ಹಾಗಾಗಿ ಮೊದಲು ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ ಕೀ ಫೈಲ್ ಇದ್ದವರಿಗೆ ಮಾತ್ರ ಲಾಗಿನ್ ಇಟ್ಟೆ, ಆಮೇಲೆ ಪೋರ್ಟ್ ಕಡೆ ತಿರುಗಿದೆ. ಲಾಗ್ ಓದುವ ಹಾಗಾಗಲಿ ಅನ್ನುವುದಷ್ಟೇ ನನ್ನ ಆಸೆ.

ಈ 22 ಬಂದದ್ದು ಹೇಗೆ ಗೊತ್ತಾ? 1995ರಲ್ಲಿ ಫಿನ್‌ಲೆಂಡಿನ ತಾತು ಯುಲೊನೆನ್ ಎಸ್‌ಎಸ್‌ಎಚ್ ಬರೆದಾಗ, ದೂರದಿಂದ ಲಾಗಿನ್ ಆಗುವ ಟೆಲ್‌ನೆಟ್ 23ರಲ್ಲಿತ್ತು, ಫೈಲ್ ಕಳಿಸುವ ಎಫ್‌ಟಿಪಿ 21ರಲ್ಲಿತ್ತು, ನಡುವೆ 22 ಖಾಲಿ ಇತ್ತು. ಎರಡರ ಬದಲಿಗೂ ತನ್ನದು ಬರಲಿ ಅಂತ ಅದನ್ನೇ ಕೇಳಿ ಇಮೇಲ್ ಬರೆದರು, ಸಿಕ್ಕಿತು. ರೆಡಿಸ್‌ನ 6379 ಇನ್ನೂ ತಮಾಷೆ. ಹಳೇ ಫೋನ್ ಕೀಪ್ಯಾಡ್‌ನಲ್ಲಿ ಮೆರ್ಜ್ ಅಂತ ಒತ್ತಿದರೆ ಬರುವ ನಂಬರ್ ಅದು. ಇಟಲಿಯ ಟಿವಿ ತಾರೆಯೊಬ್ಬರ ಅಡ್ಡಹೆಸರು. ರೆಡಿಸ್ ಬರೆದವರ ಗೆಳೆಯರ ಗುಂಪಿನ ಜೋಕ್ ಈಗ ಜಗತ್ತಿನ ಎಷ್ಟೋ ಫೈರ್‌ವಾಲ್ ರೂಲ್‌ಗಳಲ್ಲಿ ಕೂತಿದೆ!

ಹೊಸ ನಂಬರ್ ಆರಿಸುವಾಗ ನಾನು ಮೊದಲು ನೋಡುವುದು ಅದು 32768ಕ್ಕಿಂತ ಕೆಳಗಿದೆಯಾ ಅಂತ. ಲಿನಕ್ಸ್ ಹೊರಗಡೆ ಕನೆಕ್ಷನ್ ಮಾಡುವಾಗ ಸಾಮಾನ್ಯವಾಗಿ 32768ರಿಂದ 60999ರ ಒಳಗೆ ಒಂದು ನಂಬರನ್ನು ತಾತ್ಕಾಲಿಕವಾಗಿ ಎತ್ತಿಕೊಳ್ಳುತ್ತದೆ. ನಮ್ಮ ಸರ್ವಿಸ್‌ಗೆ 45000 ಕೊಟ್ಟರೆ, ರೀಸ್ಟಾರ್ಟ್ ಆಗುವ ಹೊತ್ತಿಗೆ ಬೇರೆ ಯಾವುದೋ ಪ್ರೋಗ್ರಾಂ ಅದನ್ನೇ ಹಿಡಿದುಕೊಂಡಿರಬಹುದು. ಆಗ ಸರ್ವಿಸ್ ಏಳುವುದಿಲ್ಲ. ಅದೂ ಯಾವಾಗಲೋ ಒಮ್ಮೆ ಮಾತ್ರ ಆಗುವ ಕಾಟ, ಹುಡುಕಿದರೆ ಸಿಗಲ್ಲ. ಎಸ್‌ಎಸ್‌ಎಚ್‌ಗಂತೂ 1024ಕ್ಕಿಂತ ಕೆಳಗಿನದೇ ಬೇಕು ಅಂತ ನನ್ನ ಹಟ. ಅಲ್ಲಿ ಕೂರಲು ರೂಟ್ ಅಧಿಕಾರ ಬೇಕು. ಮೇಲಿನ ನಂಬರ್ ಆದರೆ, ಎಸ್‌ಎಸ್‌ಎಚ್ ಸರ್ವಿಸ್ ಬಿದ್ದ ಹೊತ್ತಲ್ಲಿ ಮೆಷಿನ್‌ನಲ್ಲಿರುವ ಯಾವ ಸಾಮಾನ್ಯ ಯೂಸರ್ ಬೇಕಾದರೂ ಆ ಜಾಗಕ್ಕೆ ತನ್ನ ಪ್ರೋಗ್ರಾಂ ತಂದು ಕೂರಿಸಬಹುದು. 2222 ಬೇಡವೇ ಬೇಡ, ಬಾಟ್‌ಗಳಿಗೂ ಅದು ಬಾಯಿಪಾಠ.

ಬ್ರೌಸರ್‌ನಲ್ಲಿ ತೆರೆಯುವ ಸಾಫ್ಟ್‌ವೇರ್ ಆದರೆ ಇನ್ನೊಂದು ಸೂಕ್ಷ್ಮ ಇದೆ. ಕೆಲವು ಪೋರ್ಟ್‌ಗಳನ್ನು ಕ್ರೋಮ್, ಫೈರ್‌ಫಾಕ್ಸ್ ಎರಡೂ ತೆರೆಯುವುದೇ ಇಲ್ಲ. 6000, 6666, 10080 ಇಂಥವು. ನಮ್ಮ ಟೀಮಿನ ಹುಡುಗ ನೆನಪಿಟ್ಟುಕೊಳ್ಳಲು ಸುಲಭ ಅಂತ ಒಂದು ಡ್ಯಾಶ್‌ಬೋರ್ಡ್‌ಗೆ 6666 ಕೊಟ್ಟಿದ್ದ. ಕರ್ಲ್ ಅನ್ನುವ ಕಮಾಂಡ್‌ನಲ್ಲಿ ಪುಟ ಬರುತ್ತಿತ್ತು, ಕ್ರೋಮ್‌ನಲ್ಲಿ ಬರೀ ಅನ್‌ಸೇಫ್ ಪೋರ್ಟ್ ಅನ್ನುವ ಎರರ್. ಅವನು ಅಷ್ಟು ಹೊತ್ತೂ ಫೈರ್‌ವಾಲ್‌ನಲ್ಲಿ ತಪ್ಪು ಹುಡುಕುತ್ತಿದ್ದ.

ಈಗ ಎಸ್‌ಎಸ್‌ಎಚ್ ಬದಲಾಯಿಸಿದ ರೀತಿ. ಕಾನ್ಫಿಗ್‌ನಲ್ಲಿ 22 ತೆಗೆಯಲಿಲ್ಲ. ಪೋರ್ಟ್ 22 ಅನ್ನುವ ಸಾಲಿನ ಕೆಳಗೆ ಹೊಸ ಪೋರ್ಟಿನದ್ದು ಇನ್ನೊಂದು ಸಾಲು ಸೇರಿಸಿದೆ. ಹೀಗೆ ಎರಡು ಸಾಲು ಬರೆಯಬಹುದು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಎರಡರಲ್ಲಿ ಒಂದು ಪೋರ್ಟ್ ಹಿಡಿಯಲು ಆಗದಿದ್ದರೂ ಇನ್ನೊಂದರಲ್ಲಿ ಸರ್ವಿಸ್ ನಡೆಯುತ್ತದೆ, ಹಾಗಾಗಿ ಹೊರಗೆ ಉಳಿದುಬಿಡುವ ಭಯವಿಲ್ಲ. ಫೈರ್‌ವಾಲ್‌ನಲ್ಲಿ ಹೊಸ ಪೋರ್ಟನ್ನು ಮೊದಲೇ ತೆರೆದೆ. ಈಗಿರುವ ಸೆಷನ್ ಮುಚ್ಚದೆ, ಬೇರೆ ಟರ್ಮಿನಲ್‌ನಿಂದ ಹೊಸ ಪೋರ್ಟಿಗೆ ಲಾಗಿನ್ ಆಗಿ ನೋಡಿದೆ.

ರಾಕಿ ಲಿನಕ್ಸ್‌ನಲ್ಲಿ ಮೊದಲು ಎಸ್‌ಇಲಿನಕ್ಸ್ ಅನ್ನುವ ಭದ್ರತಾ ವ್ಯವಸ್ಥೆಯ ಅನುಮತಿ ಬೇಕು. ಯಾವ ಸರ್ವಿಸ್ ಯಾವ ಪೋರ್ಟ್‌ನಲ್ಲಿ ಕೂರಬಹುದು ಅನ್ನುವ ಪಟ್ಟಿ ಅದರ ಬಳಿ ಇರುತ್ತದೆ. ಸೆಮ್ಯಾನೇಜ್ ಕಮಾಂಡ್‌ನಿಂದ ಹೊಸ ನಂಬರನ್ನು ಎಸ್‌ಎಸ್‌ಎಚ್ ಪಟ್ಟಿಗೆ ಸೇರಿಸದಿದ್ದರೆ ಲಾಗ್‌ನಲ್ಲಿ ಪರ್ಮಿಷನ್ ಡಿನೈಡ್ ಬರುತ್ತದೆ. ರೂಟ್ ಆಗಿದ್ದೂ ಪರ್ಮಿಷನ್ ಇಲ್ಲ ಅಂದರೆ ಯಾರಿಗೂ ತಲೆ ಕೆಡುತ್ತದೆ, ಅಲ್ವಾ? ಹೀಗಾದಾಗ ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಅನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಆ ಕಾನ್ಫಿಗ್ ಫೈಲಿನಲ್ಲೇ, ಪೋರ್ಟ್ ಸಾಲಿನ ಪಕ್ಕದ ಕಮೆಂಟ್‌ನಲ್ಲಿ ಸರಿಯಾದ ಕಮಾಂಡ್ ಬರೆದಿದ್ದಾರೆ.

ಉಬುಂಟುದು ಬೇರೆ ಕತೆ. 22.10 ಆವೃತ್ತಿಯಿಂದ ಅಲ್ಲಿ ಎಸ್‌ಎಸ್‌ಎಚ್ ಪೋರ್ಟನ್ನು ಹಿಡಿದು ಕಾಯುವುದು ಸಿಸ್ಟಮ್‌ಡಿ, ಅಂದರೆ ಸರ್ವಿಸ್‌ಗಳನ್ನು ಎಬ್ಬಿಸುವ, ನಿಲ್ಲಿಸುವ ಪ್ರೋಗ್ರಾಂ. ಯಾರಾದರೂ ಬಂದಾಗಲೇ ಅದು ಎಸ್‌ಎಸ್‌ಎಚ್ ಸರ್ವಿಸನ್ನು ಎಬ್ಬಿಸುತ್ತದೆ. ಹಾಗಾಗಿ ಎಸ್‌ಎಸ್‌ಎಚ್ ಸರ್ವಿಸ್ ಒಂದನ್ನೇ ರೀಸ್ಟಾರ್ಟ್ ಮಾಡಿದರೆ ಪೋರ್ಟ್ ಬದಲಾಗುವುದಿಲ್ಲ. 24.04ರಲ್ಲಿ ಕಾನ್ಫಿಗ್ ಬರೆದ ಮೇಲೆ ಸಿಸ್ಟಮ್‌ಡಿಗೆ ಡೀಮನ್ ರೀಲೋಡ್ ಕೊಟ್ಟು, ಎಸ್‌ಎಸ್‌ಎಚ್ ಸಾಕೆಟ್ ಯುನಿಟ್ಟನ್ನು ರೀಸ್ಟಾರ್ಟ್ ಮಾಡಬೇಕು. ಸಂಶಯ ಇದ್ದರೆ ಎಸ್‌ಎಸ್ ಕಮಾಂಡ್‌ನಲ್ಲಿ ಪೋರ್ಟ್ ಯಾರ ಹೆಸರಲ್ಲಿದೆ ನೋಡಿ. ಸಿಸ್ಟಮ್‌ಡಿ ಅಂತಿದ್ದರೆ ಇದೇ ವಿಷಯ. ಹಳೇ ಲೇಖನಗಳಲ್ಲಿ ಇದು ಸಿಗಲ್ಲ.

ಆಮೇಲೆ ಹಳೇ ನಂಬರ್ ಹುಡುಕಾಟ. ಎಸ್‌ಎಸ್‌ಎಚ್ ಸರ್ವರ್‌ನ ಲಾಗ್ ಮಟ್ಟವನ್ನು ವರ್ಬೋಸ್‌ಗೆ ಏರಿಸಿದೆ. ಆಗ ಪ್ರತಿ ಕನೆಕ್ಷನ್ ಯಾವ ಐಪಿಯಿಂದ, ನಮ್ಮ ಯಾವ ಪೋರ್ಟಿಗೆ ಬಂತು ಅಂತ ಸಾಲು ಬೀಳುತ್ತದೆ. 22ಕ್ಕೆ ಬಂದವುಗಳಲ್ಲಿ ನಮ್ಮದೇ ಐಪಿಗಳನ್ನು ಸೋಸಿದರೆ ಇನ್ನೂ ಹಳೇ ನಂಬರ್ ಬಳಸುತ್ತಿರುವವರು ಯಾರು ಅಂತ ತಾನಾಗೇ ಗೊತ್ತಾಗುತ್ತದೆ. ರಾತ್ರಿ ಓಡುವ ಆರ್‌ಸಿಂಕ್ ಬ್ಯಾಕಪ್ ಸಿಕ್ಕಿತು. ಗಿಟ್ ರಿಮೋಟ್‌ಗಳು ಸಿಕ್ಕವು. ಆನ್ಸಿಬಲ್ ಇನ್ವೆಂಟರಿ, ಮಾನಿಟರಿಂಗ್ ಚೆಕ್ ಎಲ್ಲಾ ಒಂದೊಂದಾಗಿ ಬಂದವು. ಎಸ್‌ಎಸ್‌ಎಚ್‌ಗೆ ಪೋರ್ಟ್ ಕೊಡಲು ಸಣ್ಣ ಪಿ, ಎಸ್‌ಸಿಪಿಗೆ ದೊಡ್ಡ ಪಿ. ಈ ಕಿರಿಕಿರಿ ಬೇಡ ಅಂತ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಎಸ್‌ಎಸ್‌ಎಚ್ ಕ್ಲೈಂಟ್ ಕಾನ್ಫಿಗ್‌ನಲ್ಲಿ ಹೋಸ್ಟ್ ಹೆಸರಿನ ಜೊತೆ ಪೋರ್ಟ್ ಬರೆಸಿದೆ. ಆಮೇಲೆ ಯಾರೂ ನಂಬರ್ ಟೈಪ್ ಮಾಡಬೇಕಿಲ್ಲ.

ಪದೇ ಪದೇ ತಪ್ಪು ಲಾಗಿನ್ ಮಾಡುವ ಐಪಿಗಳನ್ನು ತಡೆಯುವ ಫೇಲ್‌ಟುಬ್ಯಾನ್ ಇದ್ದವರು ಗಮನಿಸಿ. ಅದರ ಕಾನ್ಫಿಗ್‌ನಲ್ಲಿ ಪೋರ್ಟ್ ಜಾಗದಲ್ಲಿ ಎಸ್‌ಎಸ್‌ಎಚ್ ಅಂತ ಹೆಸರಿರುತ್ತದೆ, ಅದಕ್ಕೆ 22 ಅಂತಲೇ ಅರ್ಥ. ನೀವು ಬದಲಾಯಿಸದಿದ್ದರೆ ಅದು ಶ್ರದ್ಧೆಯಿಂದ ಐಪಿಗಳನ್ನು 22ರಲ್ಲಿ ಬ್ಯಾನ್ ಮಾಡುತ್ತಾ ಕೂರುತ್ತದೆ. ಹೊಸ ಪೋರ್ಟಿಗೆ ಅವರು ಆರಾಮಾಗಿ ಬರುತ್ತಿರುತ್ತಾರೆ.

ಒಂದು ಕಡೆ ಮಾತ್ರ ನೆಟ್‌ವರ್ಕ್ ಅಡ್ಡ ಬಂತು. ಒಬ್ಬ ಗ್ರಾಹಕರ ಆಫೀಸಿನಲ್ಲಿ ಕೂತು ಕೆಲಸ ಮಾಡುವ ನಮ್ಮವರಿಗೆ ಹೊಸ ಪೋರ್ಟ್ ತೆರೆಯಲೇ ಇಲ್ಲ. ಅಲ್ಲಿಂದ ಹೊರಗೆ 22, 80, 443 ಮೂರಕ್ಕೆ ಮಾತ್ರ ದಾರಿ. ಇನ್ನೊಂದು ಪೋರ್ಟ್ ತೆರೆಸಿಕೊಡಿ ಅಂತ ಅವರ ಐಟಿಯವರಿಗೆ ಬರೆದೆ, ಫಾರ್ಮ್ ಮೇಲೆ ಫಾರ್ಮ್ ತುಂಬಿದೆ, ಉತ್ತರ ಇಲ್ಲ. ಕೊನೆಗೆ ವೆಬ್ ಸರ್ವರ್ ಇಲ್ಲದ ಒಂದು ಸಣ್ಣ ಮೆಷಿನ್‌ನಲ್ಲಿ 443ರ ಮೇಲೆ ಎಸ್‌ಎಸ್‌ಎಚ್ ಕೂರಿಸಿ, ಅದರ ಮೂಲಕ ಒಳಗೆ ಬರುವ ಹಾಗೆ ಮಾಡಿದೆ. ಕ್ಲೈಂಟ್ ಕಾನ್ಫಿಗ್‌ನಲ್ಲಿ ಪ್ರಾಕ್ಸಿಜಂಪ್ ಅನ್ನುವ ಒಂದು ಸಾಲು ಸಾಕಾಯಿತು.

22 ಪೂರ್ತಿ ಮುಚ್ಚಿದ ಮೇಲೆ ಲಾಗ್ ಖಾಲಿಯೇನೂ ಆಗಲಿಲ್ಲ, ಆದರೆ ಬೆಳಿಗ್ಗೆ ಕಾಫಿ ಮುಗಿಯುವಷ್ಟರಲ್ಲಿ ಓದಿ ಮುಗಿಸಬಹುದು.

ಪೋಸ್ಟ್‌ಗ್ರೆಸ್‌ನ 5432 ಬದಲಾಯಿಸುವಾಗ ಎರಡು ವಿಷಯ ತಲೆಯಲ್ಲಿರಬೇಕು. ರೀಲೋಡ್ ಸಾಲದು, ರೀಸ್ಟಾರ್ಟೇ ಬೇಕು. ಇನ್ನೊಂದು, ಒಂದೇ ಮೆಷಿನ್‌ನ ಪ್ರೋಗ್ರಾಂಗಳು ಮಾತಾಡಲು ಬಳಸುವ ಅದರ ಯುನಿಕ್ಸ್ ಸಾಕೆಟ್ ಫೈಲಿನ ಹೆಸರಲ್ಲೇ ಪೋರ್ಟ್ ನಂಬರ್ ಇರುತ್ತದೆ. ಅಂದರೆ ನೆಟ್‌ವರ್ಕ್ ಬಳಸದೆ ಅದೇ ಮೆಷಿನ್‌ನಲ್ಲಿ ಓಡುವ ಸ್ಕ್ರಿಪ್ಟ್ ಕೂಡ ನಿಲ್ಲುತ್ತದೆ. ರಾಕಿಯಲ್ಲಿ ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್ ಕಮಾಂಡ್ ಕೊಟ್ಟ ತಕ್ಷಣ ಸಾಕೆಟ್ ಫೈಲ್ ಇಲ್ಲ ಅನ್ನುವ ಎರರ್ ಬಂದು ವಿಷಯ ಗೊತ್ತಾಗುತ್ತದೆ. ಉಬುಂಟುವಿನಲ್ಲಿ ಮೋಸ ಹೋಗುವ ಸಾಧ್ಯತೆ ಜಾಸ್ತಿ. ಒಂದೇ ಪೋಸ್ಟ್‌ಗ್ರೆಸ್ ಕ್ಲಸ್ಟರ್ (ಓಡುವ ಡೇಟಾಬೇಸ್ ಸರ್ವರ್) ಇದ್ದರೆ ಅಲ್ಲಿನ ಪಿಎಸ್‌ಕ್ಯೂಎಲ್ ತಾನೇ ಹೊಸ ಪೋರ್ಟ್ ಕಂಡುಹಿಡಿದು ಕನೆಕ್ಟ್ ಆಗಿಬಿಡುತ್ತದೆ. ನಾವು ಎಲ್ಲಾ ಸರಿ ಇದೆ ಅಂದುಕೊಳ್ಳುತ್ತೇವೆ, ಆ್ಯಪ್ ಮಾತ್ರ 5432 ತಟ್ಟುತ್ತಾ ನಿಂತಿರುತ್ತದೆ. ಹಾಗಾಗಿ ಆ್ಯಪ್ ಇರುವ ಮೆಷಿನ್‌ನಿಂದಲೇ, ಹೋಸ್ಟ್ ಮತ್ತು ಪೋರ್ಟ್ ಎರಡನ್ನೂ ಬರೆದು ಟೆಸ್ಟ್ ಮಾಡುತ್ತೇನೆ. ಮೈಎಸ್‌ಕ್ಯೂಎಲ್‌ನಲ್ಲೂ ಇಂಥದ್ದೇ ಒಂದಿದೆ: ಲಿನಕ್ಸ್‌ನಲ್ಲಿ ಲೋಕಲ್‌ಹೋಸ್ಟ್ ಅಂತ ಕೊಟ್ಟರೆ ಅದು ಸಾಕೆಟ್ ಮೂಲಕ ಹೋಗುತ್ತದೆ, ಪೋರ್ಟ್ ಕಡೆ ತಿರುಗಿಯೂ ನೋಡಲ್ಲ. ಅದೇ ಮೆಷಿನ್‌ನ ಐಪಿ ವಿಳಾಸ 127.0.0.1 ಅಂತ ಬರೆದರೆ ನಿಜ ಗೊತ್ತಾಗುತ್ತದೆ.

ಜೆಂಕಿನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರ 2.332.1ರಿಂದ ಲಿನಕ್ಸ್ ಪ್ಯಾಕೇಜ್ ಸಿಸ್ಟಮ್‌ಡಿಗೆ ಬಂತು. ಹಳೇ ಡೀಫಾಲ್ಟ್ ಫೈಲಿನಲ್ಲಿ 8080 ತಿದ್ದಿದರೆ ಏನೂ ಆಗುವುದಿಲ್ಲ, ಸಿಸ್ಟಮ್‌ಡಿ ಯುನಿಟ್‌ಗೆ ಓವರ್‌ರೈಡ್ ಬರೆದು ಜೆಂಕಿನ್ಸ್ ಪೋರ್ಟ್ ವೇರಿಯಬಲ್ ಕೊಡಬೇಕು. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ಜೆಂಕಿನ್ಸ್ ಯುಆರ್‌ಎಲ್ ಕೂಡ ಬದಲಾಯಿಸಿ, ಇಲ್ಲದಿದ್ದರೆ ಬಿಲ್ಡ್ ಮೇಲ್‌ಗಳಲ್ಲಿನ ಲಿಂಕ್ ಹಳೇ ಜಾಗಕ್ಕೇ ಹೋಗುತ್ತದೆ. ಗ್ರಫಾನಾದಲ್ಲಿ ಪೋರ್ಟ್ ಸಾಲಿನ ಮುಂದೆ ಒಂದು ಸೆಮಿಕೋಲನ್ ಇರುತ್ತದೆ. 3000 ತಿದ್ದಿ, ಸೆಮಿಕೋಲನ್ ಹಾಗೇ ಬಿಟ್ಟರೆ ಆ ಸಾಲು ಬರೀ ಕಮೆಂಟ್.

ಸಾಫ್ಟ್‌ವೇರನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಇದ್ದರೆ ನನ್ನ ಹತ್ತಿರ ಬರುವ ಪ್ರಶ್ನೆ ಯಾವಾಗಲೂ ಒಂದೇ.

“ಸರ್, ಕಂಪೋಸ್‌ನಲ್ಲಿ 5433 ಅಂತ ಬದಲಾಯಿಸಿದೆ, ಆ್ಯಪ್ ಕನೆಕ್ಟ್ ಆಗ್ತಿಲ್ಲ.”

“ಆ್ಯಪ್ ಎಲ್ಲಿದೆ? ಅದೂ ಕಂಟೇನರ್‌ನಲ್ಲೇ ಇದ್ಯಾ?”

“ಹೌದು ಸರ್, ಅದೇ ಕಂಪೋಸ್ ಫೈಲಲ್ಲಿ.”

“ಹಾಗಾದ್ರೆ ಆ್ಯಪ್‌ಗೆ 5432 ಅಂತಲೇ ಇರ್ಲಿ ಬಿಡಪ್ಪ.”

ಕಂಪೋಸ್ ಅಂದರೆ ಕಂಟೇನರ್‌ಗಳ ಸೆಟ್ಟಿಂಗ್ ಫೈಲ್. ಅದರಲ್ಲಿ ಪೋರ್ಟನ್ನು 5433:5432 ಅಂತ ಬರೆಯುತ್ತೇವೆ. ಕೋಲನ್‌ನ ಎಡಗಡೆ ಇರುವುದು ಹೊರಗಿನ ಮೆಷಿನ್‌ನ ಪೋರ್ಟ್, ಬಲಗಡೆ ಕಂಟೇನರ್ ಒಳಗಿನದು. ನಾವು ಬದಲಾಯಿಸುವುದು ಎಡದ್ದನ್ನು. ಕಂಟೇನರ್‌ಗಳು ತಮ್ಮತಮ್ಮಲ್ಲಿ ಮಾತಾಡುವಾಗ ಬಲಗಡೆಯದೇ ನಡೆಯುತ್ತದೆ. ಎಡಗಡೆ ಬರೀ ನಂಬರ್ ಬರೆದರೆ ಡಾಕರ್ ಅದನ್ನು ಎಲ್ಲಾ ಐಪಿಗಳ ಮೇಲೂ ತೆರೆಯುತ್ತದೆ, ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಬೇಡ ಅಂದರೂ ಕೇಳಲ್ಲ. ಅದಕ್ಕೇ ನಮ್ಮ ಫೈಲ್‌ಗಳಲ್ಲೆಲ್ಲ ಡೇಟಾಬೇಸ್ ಪೋರ್ಟಿನ ಮುಂದೆ 127.0.0.1 ಕಡ್ಡಾಯ.

ಇದೇ ಕಾರಣಕ್ಕೆ ರೆಡಿಸ್ ಪೋರ್ಟನ್ನು ನಾನು ಮುಟ್ಟಲಿಲ್ಲ. ಅದು 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ, ಹೊರಗಿನವರಿಗೆ ಕಾಣುವುದೇ ಇಲ್ಲ. 6379 ಆದರೇನು, ಬೇರೆ ಆದರೇನು. ರೆಡಿಸ್ ಕ್ಲಸ್ಟರ್ (ಹಲವು ರೆಡಿಸ್ ಸರ್ವರ್‌ಗಳ ಗುಂಪು) ಇರುವವರು ಬದಲಾಯಿಸುವುದಾದರೆ, ಅದು ನೀವು ಕೊಟ್ಟ ನಂಬರಿಗೆ 10000 ಸೇರಿಸಿ ಇನ್ನೊಂದು ಪೋರ್ಟ್ ತೆರೆಯುತ್ತದೆ ಅನ್ನುವುದು ನೆನಪಿರಲಿ. ಫೈರ್‌ವಾಲ್‌ನಲ್ಲಿ ಎರಡೂ ಬೇಕು. ಮೇಲ್ ಸರ್ವರ್‌ನ 25 ಕೂಡ ಮುಟ್ಟುವ ಹಾಗಿಲ್ಲ, ಬೇರೆ ಮೇಲ್ ಸರ್ವರ್‌ಗಳು ಅಲ್ಲಿಗೇ ಬರುತ್ತವೆ. ವೆಬ್‌ಸೈಟ್‌ಗಳಿಗೆ ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಎಚ್‌ಟಿಟಿಪಿ ಪರೀಕ್ಷೆಗೆ 80 ಬೇಕೇ ಬೇಕು.

9090ರ ಜಗಳದಲ್ಲಿ ಎದ್ದು ಹೋಗಿದ್ದು ಕಾಕ್‌ಪಿಟ್. ಪ್ರೊಮಿಥಿಯಸ್ ವಿಳಾಸ ಗ್ರಫಾನಾದಲ್ಲಿ, ಅಲರ್ಟ್ ಲಿಂಕ್‌ಗಳಲ್ಲಿ ಎಲ್ಲಾ ಕಡೆ ಇತ್ತು. ಕಾಕ್‌ಪಿಟ್ ತೆರೆಯುವವರು ಇಬ್ಬರೇ, ಅದರಲ್ಲಿ ಒಬ್ಬ ನಾನೇ. ಅದರ ಪೋರ್ಟ್ ಇರುವುದೂ ಸಿಸ್ಟಮ್‌ಡಿ ಸಾಕೆಟ್ ಯುನಿಟ್‌ನಲ್ಲಿ. ಓವರ್‌ರೈಡ್ ಬರೆಯುವಾಗ ಮೊದಲು ಲಿಸನ್‌ಸ್ಟ್ರೀಮ್ ಅಂತ ಖಾಲಿ ಸಾಲು ಹಾಕಿ, ಕೆಳಗೆ ಹೊಸ ನಂಬರ್ ಬರೆಯಬೇಕು. ಆ ಖಾಲಿ ಸಾಲು ಇಲ್ಲದಿದ್ದರೆ 9090 ಹೋಗುವುದಿಲ್ಲ, ಅದರ ಜೊತೆ ಹೊಸದೂ ಸೇರಿಕೊಳ್ಳುತ್ತದೆ.